ವಿಭಾಜಕ ಚಿಹ್ನೆ ಮತ್ತು ಪದಚ್ಛೇದ: ತಿ. ನರಸೀಪುರ ತಾಲ್ಲೂಕಿನ ಶಾಸನಸೂಚಿಯ ಗಣಕೀಕರಣದಲ್ಲಿ ಎದುರಾಗುವ ಕೆಲವು ಸಮಸ್ಯೆಗಳು

1. ಪೀಠಿಕೆ

ಕನ್ನಡ ಸಂಶೋಧನೆಯಲ್ಲಿ ಗಣಕಯಂತ್ರದ ಬಳಕೆ ಇಂದು ಬೆರಳಚ್ಚಿಗಷ್ಟೇ ಸೀಮಿತವಾಗಿಲ್ಲ. ಶಾಸನಗಳ ಸೂಚಿ, ಹಸ್ತಪ್ರತಿಗಳ ಪಟ್ಟಿ, ಪದಪ್ರಯೋಗಕೋಶ, ಸ್ಥಳನಾಮಗಳ ಸಂಗ್ರಹ ಮೊದಲಾದವುಗಳನ್ನು ಸಿದ್ಧಪಡಿಸುವ ಸಂಶೋಧಕರು ತಮ್ಮ ಸಾಮಗ್ರಿಯನ್ನು ಗಣಕಕ್ಕೆ ಊಡಿಸಿ, ಅದರಿಂದಲೇ ಎಣಿಕೆ, ವರ್ಗೀಕರಣ ಮತ್ತು ಹೋಲಿಕೆಗಳನ್ನು ಮಾಡಿಸುತ್ತಿದ್ದಾರೆ. ಈ ಎಲ್ಲ ಕೆಲಸಗಳ ಆರಂಭದಲ್ಲಿ ಒಂದು ಸಣ್ಣ ಕ್ರಿಯೆ ಇರುತ್ತದೆ. ಉದ್ದವಾದ ಒಂದು ಅಕ್ಷರಸರಣಿಯನ್ನು ಯಾವುದಾದರೊಂದು ಚಿಹ್ನೆ ಬಂದಲ್ಲೆಲ್ಲ ತುಂಡರಿಸಿ ಬಿಡಿಬಿಡಿಯಾದ ಭಾಗಗಳನ್ನು ಪಡೆಯುವುದೇ ಆ ಕ್ರಿಯೆ. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇದನ್ನು 'ಸ್ಪ್ಲಿಟ್' ಎಂದು ಕರೆಯಲಾಗುತ್ತದೆ. ತುಂಡರಿಸುವ ಸ್ಥಾನವನ್ನು ತೋರುವ ಚಿಹ್ನೆಯನ್ನು ಪ್ರಸ್ತುತ ಲೇಖನದಲ್ಲಿ 'ವಿಭಾಜಕ' ಎಂದು ಕರೆಯಲಾಗಿದೆ.

ನೋಡಲು ಇದು ಕೇವಲ ತಾಂತ್ರಿಕ ವಿಷಯವಾಗಿ ತೋರುತ್ತದೆ. ಆದರೆ ಪಠ್ಯವನ್ನು ಎಲ್ಲಿ ಕಡಿಯಬೇಕು ಎಂಬುದು ಗ್ರಂಥಸಂಪಾದನೆಯ ಮೂಲಪ್ರಶ್ನೆಗಳಲ್ಲಿ ಒಂದು. ಪದಚ್ಛೇದವನ್ನು ತಪ್ಪಾಗಿ ಮಾಡಿದ ಸಂಪಾದಕ ಪದ್ಯದ ಅರ್ಥವನ್ನೇ ಬದಲಿಸಿಬಿಡುವಂತೆ, ವಿಭಾಜಕವನ್ನು ತಪ್ಪಾಗಿ ಆರಿಸಿದ ಸಂಶೋಧಕ ತನ್ನ ಆಕರದ ಚರಿತ್ರೆಯನ್ನೇ ಬದಲಿಸಿಬಿಡಬಹುದು. ತಿ. ನರಸೀಪುರ ತಾಲ್ಲೂಕಿನ ಶಾಸನಗಳ ಸೂಚಿಯೊಂದನ್ನು ಸಿದ್ಧಪಡಿಸುವಾಗ ಈ ಲೇಖಕನಿಗಾದ ಅನುಭವವನ್ನು ಆಧಾರವಾಗಿಟ್ಟುಕೊಂಡು ಈ ಸಮಸ್ಯೆಯ ಸ್ವರೂಪವನ್ನು ಪರಿಶೀಲಿಸಲು ಇಲ್ಲಿ ಯತ್ನಿಸಲಾಗಿದೆ. ಗಣಕಶಾಸ್ತ್ರದ ಪರಿಚಯವಿಲ್ಲದ ಕನ್ನಡ ಅಧ್ಯಾಪಕರೂ ಅನುಸರಿಸಲು ಸಾಧ್ಯವಾಗುವಂತೆ ಉದಾಹರಣೆಗಳನ್ನು ಶಾಸನಕ್ಷೇತ್ರದಿಂದಲೇ ಆಯ್ದುಕೊಳ್ಳಲಾಗಿದೆ.

2. ಅಧ್ಯಯನದ ಕ್ಷೇತ್ರ ಮತ್ತು ಆಕರಗಳು

ಕಾವೇರಿ ಮತ್ತು ಕಪಿಲಾ ನದಿಗಳ ಸಂಗಮದಲ್ಲಿರುವ ತಿರುಮಕೂಡಲು ನರಸೀಪುರವು ಮೈಸೂರು ಜಿಲ್ಲೆಯ ತಾಲ್ಲೂಕು ಕೇಂದ್ರ. ಗಂಗರ ರಾಜಧಾನಿಯಾಗಿದ್ದ ತಲಕಾಡು, ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕನು ಕೇಶವ ದೇವಾಲಯವನ್ನು ಕಟ್ಟಿಸಿದ ಸೋಮನಾಥಪುರ, ಇವೆರಡೂ ಈ ತಾಲ್ಲೂಕಿಗೆ ಸೇರಿವೆ. 2023ರಲ್ಲಿ ಬೇಲೂರು ಮತ್ತು ಹಳೇಬೀಡುಗಳೊಡನೆ ಸೋಮನಾಥಪುರದ ದೇವಾಲಯವೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಪ್ರದೇಶದ ಶಾಸನಗಳ ಬಗೆಗೆ ಹೊಸ ಕುತೂಹಲ ಮೂಡಿರುವುದು ಸಹಜ.

ಬಿ. ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ 3ನೆಯ ಸಂಪುಟ 1894ರಲ್ಲಿ ಪ್ರಕಟವಾಯಿತು. ಅದರಲ್ಲಿ ತಿ. ನರಸೀಪುರ ಮತ್ತು ನಂಜನಗೂಡು ತಾಲ್ಲೂಕುಗಳ ಶಾಸನಗಳು ಒಂದೇ ಸಂಪುಟದೊಳಗಿದ್ದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ನಂಜನಗೂಡು 3ನೆಯ ಸಂಪುಟಕ್ಕೂ (1974), ತಿ. ನರಸೀಪುರ 5ನೆಯ ಸಂಪುಟಕ್ಕೂ (1976) ಹೋದವು. ಹೀಗಾಗಿ ಒಂದೇ ಶಾಸನಕ್ಕೆ ಹಳೆಯ ಸಂಖ್ಯೆಯೊಂದು, ಹೊಸ ಸಂಖ್ಯೆಯೊಂದು ಇರುತ್ತದೆ. ಹಿಂದಿನ ವಿದ್ವಾಂಸರ ಉಲ್ಲೇಖಗಳನ್ನು ಇಂದಿನ ಆವೃತ್ತಿಯೊಡನೆ ಹೊಂದಿಸಿ ನೋಡಬೇಕಾದರೆ ಎರಡು ಸಂಖ್ಯೆಗಳನ್ನೂ ಒಳಗೊಂಡ ಸೂಚಿ ಅವಶ್ಯಕ. ಈ ಲೇಖಕನು ಪ್ರತಿಯೊಂದು ಶಾಸನಕ್ಕೂ ಒಂದು ಸಾಲನ್ನು ಮೀಸಲಿಟ್ಟು ಗ್ರಾಮ, ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಕಾಲ, ರಾಜವಂಶ, ಅರಸು, ವಿಷಯ, ಷರಾ ಎಂಬ ಎಂಟು ಅಂಕಣಗಳಲ್ಲಿ ವಿವರಗಳನ್ನು ದಾಖಲಿಸತೊಡಗಿದನು. ಸಮಸ್ಯೆಗಳು ಆರಂಭವಾದದ್ದು ಅಲ್ಲಿಂದಲೇ.

3. ತಾಲ್ಲೂಕಿನ ಹೆಸರೇ ತುಂಡಾದ ಪ್ರಸಂಗ

ಸೂಚಿಯ ಮೊದಲ ಕರಡಿನಲ್ಲಿ ಸ್ಥಳವಿವರವನ್ನು ನಮ್ಮ ಗ್ರಂಥಗಳಲ್ಲಿ ರೂಢಿಯಿರುವಂತೆ 'ಸೋಮನಾಥಪುರ, ತಿ. ನರಸೀಪುರ ತಾ., ಮೈಸೂರು ಜಿ.' ಎಂದು ಬರೆಯಲಾಗಿತ್ತು. ಟಿಪ್ಪಣಿಗಳಲ್ಲಿ ಒಂದು ವಾಕ್ಯ ಮುಗಿದಲ್ಲಿ ಪೂರ್ಣವಿರಾಮ ಇರುತ್ತದೆಂಬ ಭಾವನೆಯಿಂದ ಇಡೀ ಕಡತವನ್ನು ಪೂರ್ಣವಿರಾಮದಲ್ಲಿ ತುಂಡರಿಸಲಾಯಿತು. ಆಗ ಮೇಲಿನ ಸಾಲು ನಾಲ್ಕು ತುಂಡುಗಳಾಯಿತು. ಮೊದಲನೆಯದು 'ಸೋಮನಾಥಪುರ, ತಿ'. ಎರಡನೆಯದು 'ನರಸೀಪುರ ತಾ'. ಮೂರನೆಯದು ', ಮೈಸೂರು ಜಿ'. ನಾಲ್ಕನೆಯದರಲ್ಲಿ ಏನೂ ಇಲ್ಲ. ಬಂದ ಪಟ್ಟಿಯನ್ನು ಎಣಿಸಿದಾಗ 'ನರಸೀಪುರ ತಾ' ಎಂಬುದೊಂದು ಗ್ರಾಮವೆಂಬಂತೆ ಮತ್ತೆ ಮತ್ತೆ ಕಾಣಿಸಿಕೊಂಡಿತು.

ಅದೇ ಸಾಲನ್ನು ಅಲ್ಪವಿರಾಮದಲ್ಲಿ ತುಂಡರಿಸಿದರೆ ಮೂರು ತುಂಡುಗಳು ಬರುತ್ತವೆ. ಇದು ನಾವು ಬಯಸಿದ್ದಕ್ಕೆ ಹತ್ತಿರವಾದದ್ದು. ಆದರೆ ಎರಡನೆಯ ತುಂಡಿನ ಆರಂಭದಲ್ಲಿ ಒಂದು ಖಾಲಿ ಜಾಗ ಉಳಿದುಕೊಳ್ಳುತ್ತದೆ. ಓದುಗನ ಕಣ್ಣಿಗೆ ಅದು ಕಾಣದು. ಯಂತ್ರಕ್ಕೆ ಮಾತ್ರ ಖಾಲಿ ಜಾಗದಿಂದ ಆರಂಭವಾಗುವ ಹೆಸರು ಬೇರೆ, ಅದಿಲ್ಲದ ಹೆಸರು ಬೇರೆ. ಖಾಲಿ ಜಾಗದಲ್ಲಿಯೇ ತುಂಡರಿಸಿದರೆ ಆರು ತುಂಡುಗಳಾಗಿ 'ತಿ.' ಮತ್ತು 'ನರಸೀಪುರ' ಬೇರೆಬೇರೆಯಾಗುತ್ತವೆ. ಹೀಗೆ ಒಂದೇ ಸಾಲು ವಿಭಾಜಕದ ಆಯ್ಕೆಗನುಗುಣವಾಗಿ ಮೂರು, ನಾಲ್ಕು ಇಲ್ಲವೆ ಆರು ಭಾಗಗಳಾಗುತ್ತದೆ.

ಇಲ್ಲಿ ದೋಷವಿರುವುದು ಯಂತ್ರದಲ್ಲಲ್ಲ. ಕನ್ನಡ ಬರವಣಿಗೆಯಲ್ಲಿ ಬಿಂದುವಿಗೆ ಎರಡು ಕೆಲಸಗಳಿವೆ. ವಾಕ್ಯವನ್ನು ಮುಗಿಸುವುದು ಒಂದು. ಹೆಸರನ್ನು ಸಂಕ್ಷೇಪಿಸುವುದು ಇನ್ನೊಂದು. 'ತಿ.' ಎಂಬುದು ತಿರುಮಕೂಡಲು ಎಂಬುದರ ಸಂಕ್ಷೇಪ. 'ಕ್ರಿ.ಶ.', 'ತಾ.', 'ಜಿ.' ಮೊದಲಾದವುಗಳೂ ಹೀಗೆಯೇ. ನಂಜನಗೂಡನ್ನು 'ನಂ.' ಎಂದು ಸಂಕ್ಷೇಪಿಸಿದರಂತೂ ಅದು ಸಂಖ್ಯೆಯನ್ನು ಸೂಚಿಸುವ 'ನಂ.' ಎಂಬುದರೊಡನೆ ಕಲಸಿಹೋಗುತ್ತದೆ. ವಿಭಾಜಕದ ಮೊದಲ ನಿಯಮ ಇದರಿಂದ ಸ್ಪಷ್ಟವಾಗುತ್ತದೆ: ಭಾಗಗಳನ್ನು ಬೇರ್ಪಡಿಸುವ ಚಿಹ್ನೆಯು ಯಾವುದೇ ಭಾಗದ ಒಳಗೆ ಬರಬಾರದು.

4. ಬರಿದಾದ ಅಂಕಣ ಮತ್ತು ಕಣ್ಮರೆಯಾದ ಗಂಗರು

ಮೇಲಿನ ದೋಷ ಕಣ್ಣಿಗೆ ಬೀಳುವಂಥದ್ದು, ಆದ್ದರಿಂದ ಅಪಾಯಕಾರಿಯಲ್ಲ. ಕಣ್ಣಿಗೆ ಬೀಳದ ದೋಷವೊಂದು ಎರಡನೆಯ ಕರಡಿನಲ್ಲಿ ಸಂಭವಿಸಿತು. ಅದರ ಪರಿಣಾಮ ಹೆಚ್ಚು ಗಂಭೀರವಾದುದು.

ಎರಡನೆಯ ಕರಡಿನಲ್ಲಿ ಅಂಕಣಗಳ ನಡುವೆ ಟ್ಯಾಬ್ ಚಿಹ್ನೆಯನ್ನು ಬಳಸಲಾಗಿತ್ತು; ಹೆಸರುಗಳೊಳಗೆ ಖಾಲಿ ಜಾಗ ಬಾರದಂತೆಯೂ ಎಚ್ಚರ ವಹಿಸಲಾಗಿತ್ತು. ಕಾಲ ತಿಳಿಯದ ಶಾಸನಗಳಲ್ಲಿ ಕಾಲದ ಅಂಕಣವನ್ನು ಬರಿದಾಗಿ ಬಿಡಲಾಗಿತ್ತು. ಅಂದರೆ ಅಂಥ ಸಾಲುಗಳಲ್ಲಿ ಎರಡು ಟ್ಯಾಬ್‌ಗಳು ಒಂದರ ಪಕ್ಕದಲ್ಲೊಂದು ಬರುತ್ತಿದ್ದವು. ಪೈಥಾನ್ ಭಾಷೆಯಲ್ಲಿ ಸ್ಪ್ಲಿಟ್ ಕ್ರಿಯೆಗೆ ಎರಡು ಬಗೆಯ ನಡವಳಿಕೆಗಳಿವೆ. ವಿಭಾಜಕವನ್ನು ಸ್ಪಷ್ಟವಾಗಿ ಹೆಸರಿಸಿದರೆ ಅದು ಬಂದಲ್ಲೆಲ್ಲ ಕಡಿಯುತ್ತದೆ. ಎರಡು ವಿಭಾಜಕಗಳು ಅಕ್ಕಪಕ್ಕ ಬಂದರೆ ಅವುಗಳ ನಡುವೆ ಒಂದು ಬರಿಯ ಭಾಗವಿದೆಯೆಂದು ತಿಳಿದು ಅದನ್ನೂ ಪಟ್ಟಿಯಲ್ಲಿ ಉಳಿಸುತ್ತದೆ. ವಿಭಾಜಕವನ್ನು ಹೆಸರಿಸದೆ ಬಿಟ್ಟರೆ ಖಾಲಿ ಜಾಗ, ಟ್ಯಾಬ್, ಸಾಲಿನ ಕೊನೆ ಇವೆಲ್ಲವನ್ನೂ ಒಂದೇ ಎಂದು ಭಾವಿಸಿ, ಅವು ಎಷ್ಟು ಒಟ್ಟೊಟ್ಟಿಗೆ ಬಂದರೂ ಒಂದೇ ಕಡಿತವೆಂದು ಪರಿಗಣಿಸುತ್ತದೆ. ಈ ಲೇಖಕನು ತಿಳಿಯದೆ ಬಳಸಿದ್ದು ಎರಡನೆಯ ಬಗೆಯನ್ನು.

ಪರಿಣಾಮವಾಗಿ ಕಾಲವಿಲ್ಲದ ಶಾಸನಗಳಲ್ಲಿ ಬರಿದಾದ ಅಂಕಣ ಕಳೆದುಹೋಗಿ, ಮುಂದಿನ ಅಂಕಣಗಳೆಲ್ಲ ಒಂದೊಂದು ಸ್ಥಾನ ಹಿಂದಕ್ಕೆ ಜರುಗಿದವು. ಕಾಲವಿರಬೇಕಾದ ಜಾಗದಲ್ಲಿ 'ಗಂಗ' ಎಂಬ ರಾಜವಂಶದ ಹೆಸರು ಬಂದು ಕುಳಿತಿತು. ಮುಂದಿನ ಹಂತದಲ್ಲಿ ಕಾಲದ ಅಂಕಣದಲ್ಲಿ ಸಂಖ್ಯೆ ಇಲ್ಲದ ಸಾಲುಗಳನ್ನು ದೋಷಯುಕ್ತವೆಂದು ಯಂತ್ರ ಬದಿಗಿಟ್ಟಿತು. ಉಳಿದ ಸಾಲುಗಳಿಂದ ಶತಮಾನವಾರು ಕೋಷ್ಟಕವೊಂದು ಸಿದ್ಧವಾಯಿತು. ಕೋಷ್ಟಕ ಅಂದವಾಗಿತ್ತು, ಅದರಲ್ಲಿ ಹೊಯ್ಸಳರೂ ವಿಜಯನಗರದ ಅರಸರೂ ತುಂಬಿದ್ದರು. ಅದನ್ನು ನೋಡಿದ ಮಾರ್ಗದರ್ಶಕರು ಕೇಳಿದ್ದು ಒಂದೇ ಪ್ರಶ್ನೆ: "ತಲಕಾಡು ಇರುವ ತಾಲ್ಲೂಕಿನಲ್ಲಿ ಗಂಗರು ಎಲ್ಲಿ ಹೋದರು?"

ಈ ಪ್ರಶ್ನೆ ಕೇಳಿಬರದಿದ್ದಲ್ಲಿ ಆ ಕೋಷ್ಟಕವು ಪ್ರಬಂಧದೊಳಗೆ ಸೇರಿ, ಅದರ ಮೇಲೆ ಒಂದು ನಿರ್ಣಯವೂ ನಿಲ್ಲುತ್ತಿತ್ತು. ಕಾಲವನ್ನು ನಮೂದಿಸದಿರುವುದು ಪ್ರಾಚೀನ ಶಾಸನಗಳಲ್ಲಿ, ವಿಶೇಷವಾಗಿ ವೀರಗಲ್ಲುಗಳಲ್ಲಿ, ಸಾಮಾನ್ಯ. ಅಂಥವುಗಳ ಕಾಲವನ್ನು ಲಿಪಿಯ ಆಧಾರದಿಂದ ಊಹಿಸಬೇಕಾಗುತ್ತದೆ. ಆದ್ದರಿಂದ ಬರಿದಾದ ಅಂಕಣಗಳನ್ನು ನುಂಗುವ ವಿಧಾನವು ಎಲ್ಲ ಶಾಸನಗಳನ್ನೂ ಸಮನಾಗಿ ನುಂಗುವುದಿಲ್ಲ. ಹಳೆಯವನ್ನೇ ಹೆಚ್ಚಾಗಿ ನುಂಗುತ್ತದೆ. ಯಾದೃಚ್ಛಿಕವಾದ ತಪ್ಪಿಗಿಂತ ಒಂದೇ ದಿಕ್ಕಿಗೆ ವಾಲುವ ತಪ್ಪು ಸಂಶೋಧನೆಗೆ ಹೆಚ್ಚು ಹಾನಿಕರ. ಬರಿದು ಎಂಬುದೂ ಒಂದು ಮಾಹಿತಿ. 'ಕಾಲ ನಮೂದಾಗಿಲ್ಲ' ಎಂಬುದು ಶಾಸನದ ಲಕ್ಷಣಗಳಲ್ಲಿ ಒಂದು.

ಇದೇ ಬಗೆಯ ತೊಡಕು ಬೇರೆ ಸಾಧನಗಳಲ್ಲಿಯೂ ಇದೆ. ಜಾವಾ ಭಾಷೆಯ ಸ್ಪ್ಲಿಟ್ ಕ್ರಿಯೆಯು ನಡುವಿನ ಬರಿಯ ಭಾಗಗಳನ್ನು ಉಳಿಸಿದರೂ ಕೊನೆಯಲ್ಲಿ ಬರುವ ಬರಿಯ ಭಾಗಗಳನ್ನು ಬೇರೆ ಸೂಚನೆ ಕೊಡದಿದ್ದರೆ ಕೈಬಿಡುತ್ತದೆ. ನಮ್ಮ ಸೂಚಿಯಲ್ಲಿ ಕೊನೆಯ ಅಂಕಣ 'ಷರಾ'. ಅದು ಬಹುಮಟ್ಟಿಗೆ ಬರಿದಾಗಿಯೇ ಇರುವುದರಿಂದ ಕೆಲವು ಸಾಲುಗಳಲ್ಲಿ ಎಂಟು ಭಾಗಗಳೂ ಕೆಲವುದರಲ್ಲಿ ಏಳೂ ಬರುತ್ತವೆ. ಎಕ್ಸೆಲ್‌ನಲ್ಲಿ ಪಠ್ಯವನ್ನು ಅಂಕಣಗಳಾಗಿ ವಿಂಗಡಿಸುವಾಗ ಅಕ್ಕಪಕ್ಕದ ವಿಭಾಜಕಗಳನ್ನು ಒಂದೆಂದು ಭಾವಿಸಬೇಕೆ ಎಂಬ ಆಯ್ಕೆ ಇರುತ್ತದೆ. ಶಾಸನಸೂಚಿಯ ಮಟ್ಟಿಗೆ ಆ ಆಯ್ಕೆಯನ್ನು ಗುರುತು ಮಾಡದೆ ಬಿಡುವುದೇ ಕ್ಷೇಮ.

5. ವಿಸರ್ಗ, ಅನುಸ್ವಾರ ಮತ್ತು ದಂಡ

ಕನ್ನಡ ಲಿಪಿಗೆ ವಿಶಿಷ್ಟವಾದ ಕೆಲವು ತೊಡಕುಗಳನ್ನು ಈಗ ಗಮನಿಸಬಹುದು. ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಅದರಲ್ಲಿ ಪ್ರತಿಯೊಂದು ವರ್ಣಕ್ಕೂ ಸ್ವರಚಿಹ್ನೆಗೂ ಪ್ರತ್ಯೇಕ ಸಂಖ್ಯೆ ಇದೆ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಚಿಹ್ನೆಗಳು ಯಂತ್ರಕ್ಕೆ ಬೇರೆಬೇರೆಯಾಗಿರಬಹುದು.

ಮೊದಲನೆಯದು ವಿಸರ್ಗ. ಕನ್ನಡ ವಿಸರ್ಗದ ಸಂಖ್ಯೆ ದಶಮಾನ ಪದ್ಧತಿಯಲ್ಲಿ 3203. ವಿವರಣ ವಿರಾಮದ ಸಂಖ್ಯೆ 58. ಬೆರಳಚ್ಚು ಮಾಡುವವರು ವಿಸರ್ಗದ ಬದಲು ವಿವರಣ ವಿರಾಮವನ್ನೇ ಒತ್ತುವುದು ತೀರ ಸಾಮಾನ್ಯ. 'ಆರಂಭ: ನಮ: ಶಿವಾಯ' ಎಂದು ದಾಖಲಾದ ಸಾಲನ್ನು ವಿವರಣ ವಿರಾಮದಲ್ಲಿ ತುಂಡರಿಸಿದರೆ ಎರಡರ ಬದಲು ಮೂರು ಭಾಗಗಳು ಬಂದು ನಮಸ್ಕಾರವೇ ಇಬ್ಭಾಗವಾಗುತ್ತದೆ. ಇಂಥಲ್ಲಿ ಮೊದಲ ವಿಭಾಜಕದಲ್ಲಿ ಮಾತ್ರ ಕಡಿಯುವಂತೆ ಸೂಚಿಸಬಹುದು. ಆದರೆ ಸೂಚಿಸುವ ಕ್ರಮ ಎಲ್ಲೆಡೆ ಒಂದೇ ಅಲ್ಲ. ಪೈಥಾನ್‌ನಲ್ಲಿ ಕೊಡುವ ಸಂಖ್ಯೆ ಎಷ್ಟು ಕಡಿತಗಳು ಎಂಬುದನ್ನು ಹೇಳುತ್ತದೆ. ಜಾವಾದಲ್ಲಿ ಅದು ಹೆಚ್ಚೆಂದರೆ ಎಷ್ಟು ತುಂಡುಗಳು ಎಂಬುದನ್ನು ಹೇಳುತ್ತದೆ. ಆದ್ದರಿಂದ ಒಂದೇ ಫಲಿತಾಂಶಕ್ಕಾಗಿ ಮೊದಲನೆಯದರಲ್ಲಿ 1 ಎಂದೂ ಎರಡನೆಯದರಲ್ಲಿ 2 ಎಂದೂ ಕೊಡಬೇಕಾಗುತ್ತದೆ. ಇದು ತಾತ್ಕಾಲಿಕ ಪರಿಹಾರ ಮಾತ್ರ. ನಿಜವಾದ ಪರಿಹಾರವೆಂದರೆ ವಿಸರ್ಗವನ್ನು ವಿಸರ್ಗವಾಗಿಯೇ ಬರೆಯುವುದು.

ಎರಡನೆಯದು ಅನುಸ್ವಾರ. ಅನುಸ್ವಾರದ ಸಂಖ್ಯೆ 3202. ಕನ್ನಡದ ಸೊನ್ನೆಯ ಸಂಖ್ಯೆ 3302. ಎರಡೂ ದುಂಡಗಿರುವುದರಿಂದ 'ಗಂಗ' ಎಂಬಲ್ಲಿ ಅನುಸ್ವಾರದ ಬದಲು ಸೊನ್ನೆಯನ್ನು ಒತ್ತಿದರೂ ಓದುಗನಿಗೆ ವ್ಯತ್ಯಾಸ ತೋರದು. ಆದರೆ ಅಂಕಿಗಳು ಬಂದಲ್ಲಿ ತುಂಡರಿಸುವ ವಿಧಾನವನ್ನು ಅನುಸರಿಸಿದರೆ ಅಲ್ಲಿ ಹೆಸರು ಸೀಳಿಹೋಗುತ್ತದೆ.

ಮೂರನೆಯದು ದಂಡ. ಪದ್ಯಗಳ ಮತ್ತು ಕೆಲವು ಶಾಸನಭಾಗಗಳ ಕೊನೆಯನ್ನು ಸೂಚಿಸುವ ದಂಡಕ್ಕೂ ಜೋಡಿದಂಡಕ್ಕೂ ಯೂನಿಕೋಡ್‌ನಲ್ಲಿ ದೇವನಾಗರಿ ವಿಭಾಗದಲ್ಲಿರುವ 2404 ಮತ್ತು 2405 ಎಂಬ ಸಂಖ್ಯೆಗಳನ್ನೇ ಕನ್ನಡವೂ ಬಳಸುತ್ತದೆ. ನಮ್ಮಲ್ಲಿ ಬಹುಮಂದಿ ಇದರ ಬದಲು ಕೀಲಿಮಣೆಯಲ್ಲಿ ಸುಲಭವಾಗಿ ಸಿಗುವ ಲಂಬರೇಖೆಯನ್ನು (ಸಂಖ್ಯೆ 124) ಒತ್ತುತ್ತಾರೆ. ಹೀಗಾಗಿ ದಂಡದಲ್ಲಿ ತುಂಡರಿಸಲು ಹೇಳಿದರೆ ಲಂಬರೇಖೆಯಿರುವ ಪದ್ಯಗಳು ಅಖಂಡವಾಗಿಯೇ ಉಳಿಯುತ್ತವೆ. ಜಾವಾದಲ್ಲಿ ಮತ್ತೊಂದು ವಿಚಿತ್ರವಿದೆ. ಅಲ್ಲಿ ವಿಭಾಜಕವನ್ನು ಅಕ್ಷರಶಃ ಚಿಹ್ನೆಯೆಂದು ಭಾವಿಸದೆ ಒಂದು ಮಾದರಿಸೂತ್ರವೆಂದು ಭಾವಿಸಲಾಗುತ್ತದೆ. ಆ ಸೂತ್ರಭಾಷೆಯಲ್ಲಿ ಲಂಬರೇಖೆಗೆ 'ಅಥವಾ' ಎಂಬ ಅರ್ಥ. ಬಿಂದುವಿಗೆ 'ಯಾವುದೇ ಒಂದು ಚಿಹ್ನೆ' ಎಂಬ ಅರ್ಥ. ಬರಿಯ ಲಂಬರೇಖೆಯನ್ನು ವಿಭಾಜಕವಾಗಿ ಕೊಟ್ಟರೆ ಪದ್ಯವು ಪಾದಗಳಾಗಿ ಒಡೆಯುವ ಬದಲು ಪ್ರತಿಯೊಂದು ಚಿಹ್ನೆಯೂ ಬೇರೆಯಾಗಿ, ವ್ಯಂಜನದಿಂದ ಸ್ವರಚಿಹ್ನೆ ಕಳಚಿಬೀಳುತ್ತದೆ. ಬರಿಯ ಬಿಂದುವನ್ನು ಕೊಟ್ಟರೆ ಇಡೀ ಪಠ್ಯವೇ ವಿಭಾಜಕವಾಗಿ ಏನೂ ಉಳಿಯುವುದಿಲ್ಲ. ಇಂಥ ಚಿಹ್ನೆಗಳನ್ನು ಅಕ್ಷರಶಃ ಗ್ರಹಿಸಬೇಕೆಂದು ಪ್ರತ್ಯೇಕವಾಗಿ ಸೂಚಿಸಬೇಕಾಗುತ್ತದೆ.

ಇವುಗಳ ಜೊತೆಗೆ ಕಾಣದ ಚಿಹ್ನೆಗಳೂ ಇವೆ. ಒತ್ತಕ್ಷರವಾಗದಂತೆ ತಡೆಯಲು ಬಳಸುವ ಅಗಲವಿಲ್ಲದ ಚಿಹ್ನೆ (ಸಂಖ್ಯೆ 8204) ಅವುಗಳಲ್ಲಿ ಮುಖ್ಯವಾದುದು. ಪೈಥಾನ್ ಇದನ್ನು ಖಾಲಿ ಜಾಗವೆಂದು ಪರಿಗಣಿಸುವುದಿಲ್ಲವಾದ್ದರಿಂದ ಅಲ್ಲಿ ಕಡಿತ ಉಂಟಾಗದು. ಆದರೆ ಅದಿರುವ ಪದ ಮತ್ತು ಇಲ್ಲದ ಪದ ಎರಡು ಪದಗಳಾಗಿ ಎಣಿಕೆಯಾಗುತ್ತವೆ. 'ಕೊ' ಎಂಬ ಅಕ್ಷರವನ್ನೂ ಎರಡು ರೀತಿಯಲ್ಲಿ ಸಂಕೇತಿಸಬಹುದು: ಒಕಾರದ ಚಿಹ್ನೆಯನ್ನು ಒಂದೇ ಆಗಿ (ಸಂಖ್ಯೆ 3274) ಇಡಬಹುದು, ಇಲ್ಲವೆ ಎಕಾರ ಮತ್ತು ಊಕಾರದ ಚಿಹ್ನೆಗಳನ್ನು (3270, 3266) ಒಂದರ ಮುಂದೊಂದು ಇಡಬಹುದು. ದಾನಶಾಸನಗಳ ಪಠ್ಯವನ್ನು 'ಕೊಟ್ಟ' ಎಂಬ ಪದ ಬಂದಲ್ಲಿ ತುಂಡರಿಸಿ ದಾನಿಯ ಹೆಸರನ್ನೂ ದತ್ತಿಯ ವಿವರವನ್ನೂ ಬೇರ್ಪಡಿಸಲು ಯತ್ನಿಸಿದಾಗ, ಎರಡನೆಯ ರೀತಿಯಲ್ಲಿ ಸಂಕೇತಿಸಿದ ಶಾಸನಗಳು ತುಂಡಾಗಲೇ ಇಲ್ಲ. ತುಂಡರಿಸುವ ಮೊದಲು ಪಠ್ಯವನ್ನೆಲ್ಲ ಏಕರೂಪಕ್ಕೆ ತರುವುದು ಅನಿವಾರ್ಯವೆಂಬುದು ಇದರಿಂದ ತಿಳಿಯುತ್ತದೆ. ಯೂನಿಕೋಡ್ ಪೂರ್ವದ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಕಡತಗಳನ್ನಂತೂ ಪರಿವರ್ತಿಸಿ, ಓದಿ, ತಿದ್ದಿದ ಮೇಲಷ್ಟೇ ತುಂಡರಿಸಬೇಕು.

6. ಕಲ್ಲಿನಲ್ಲಿಲ್ಲದ ವಿಭಾಜಕ

ಇದುವರೆಗಿನ ಚರ್ಚೆ ಸೂಚಿಗೆ ಸಂಬಂಧಿಸಿದ್ದು. ಶಾಸನದ ಪಾಠವನ್ನೇ ಪದಗಳಾಗಿ ತುಂಡರಿಸಬೇಕಾದಾಗ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. ಸೂಚಿಯಲ್ಲಿ ವಿಭಾಜಕವನ್ನು ಇಡುವವರು ನಾವೇ. ಶಾಸನದಲ್ಲಿ ಅದನ್ನು ಇಡಬೇಕಾಗಿದ್ದವನು ಲಿಪಿಕಾರ. ಅವನು ಸಾಮಾನ್ಯವಾಗಿ ಇಟ್ಟಿಲ್ಲ. ಹಲ್ಮಿಡಿ ಶಾಸನದಿಂದ ಮೊದಲುಗೊಂಡು ನಮ್ಮ ಶಾಸನಗಳೂ ಓಲೆಗರಿಯ ಹಸ್ತಪ್ರತಿಗಳೂ ಪದಗಳ ನಡುವೆ ತೆರಪಿಲ್ಲದೆ ಬರೆದವು. ಅಚ್ಚಾದ ಸಂಪುಟಗಳಲ್ಲಿ ಕಾಣುವ ಪದಾಂತರದ ತೆರಪು ಸಂಪಾದಕರ ನಿರ್ಣಯ, ಕಲ್ಲಿನ ಸಾಕ್ಷ್ಯವಲ್ಲ. ಆದ್ದರಿಂದ ಅಚ್ಚಿನ ಪಾಠವನ್ನು ಖಾಲಿ ಜಾಗದಲ್ಲಿ ತುಂಡರಿಸಿ ಪದಗಳನ್ನು ಎಣಿಸಿದಾಗ ನಾವು ಎಣಿಸುವುದು ಸಂಪಾದಕರ ನಿರ್ಣಯಗಳನ್ನು.

ಸಾಲಿನ ಕೊನೆಯನ್ನು ವಿಭಾಜಕವೆಂದು ಭಾವಿಸುವುದು ಇದಕ್ಕಿಂತ ದೊಡ್ಡ ತಪ್ಪು. ಕಲ್ಲಿನ ಅಗಲ ಮುಗಿದಲ್ಲಿ ಸಾಲು ಮುಗಿಯುತ್ತದೆಯೇ ಹೊರತು ಪದ ಮುಗಿಯುವುದಿಲ್ಲ. 'ತಲ' ಎಂಬುದು ಒಂದು ಸಾಲಿನ ಕೊನೆಗೂ 'ಕಾಡು' ಎಂಬುದು ಮುಂದಿನ ಸಾಲಿನ ಮೊದಲಿಗೂ ಬಂದರೆ, ಸಾಲುವಾರು ತುಂಡರಿಸಿದ ಪಟ್ಟಿಯಲ್ಲಿ ತಲಕಾಡು ಎಂಬ ಊರೇ ಇರುವುದಿಲ್ಲ. ಯತಿಯನ್ನು ಮೀರಿ ಪದವನ್ನು ಮುಂದಿನ ಪಾದಕ್ಕೆ ಹರಿಯಬಿಡುವ ಕನ್ನಡ ಕವಿಗಳ ರೂಢಿಯನ್ನು ಬಲ್ಲವರಿಗೆ ಪಾದಾಂತ್ಯವೂ ಪದಾಂತ್ಯವೂ ಒಂದೇ ಅಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸಂಪಾದಕರು ನಷ್ಟಾಕ್ಷರಗಳನ್ನು ತುಂಬಲು ಬಳಸುವ ಆವರಣಚಿಹ್ನೆಗಳದೂ ಇದೇ ಸ್ಥಿತಿ. 'ತಲ[ಕಾ]ಡು' ಎಂಬಲ್ಲಿ ಆವರಣವನ್ನು ವಿಭಾಜಕವೆಂದು ತಿಳಿದರೆ ಒಂದು ಊರು ಮೂರು ತುಂಡುಗಳಾಗುತ್ತದೆ.

ಶಾಸನಗಳ ಆರಂಭದಲ್ಲಿ ಬರುವ 'ಸ್ವಸ್ತಿ' ಎಂಬ ಮಂಗಳವಾಚಕವನ್ನು ಒಂದು ಶಾಸನದಿಂದ ಇನ್ನೊಂದನ್ನು ಬೇರ್ಪಡಿಸುವ ಗುರುತಾಗಿ ಬಳಸಬಹುದಲ್ಲವೆ ಎಂಬ ಯೋಚನೆ ಸಹಜವಾಗಿ ಹುಟ್ಟುತ್ತದೆ. ಆದರೆ ಅರಸನ ಪ್ರಶಸ್ತಿ ಮುಗಿದು ಅಧೀನನ ಅಥವಾ ದಾನಿಯ ಪ್ರಶಸ್ತಿ ಆರಂಭವಾಗುವಲ್ಲಿ 'ಸ್ವಸ್ತಿ' ಮತ್ತೆ ಬರುವುದುಂಟು. ಆಗ ಒಂದೇ ಶಾಸನ ಎರಡಾಗಿ, ಎರಡನೆಯ ತುಂಡಿನಲ್ಲಿ ಅರಸನಿಲ್ಲದ ದಾನಿಯೊಬ್ಬ ಉಳಿಯುತ್ತಾನೆ. ಅವನು ಸ್ವತಂತ್ರನಾಗಿದ್ದನೆಂಬ ತಪ್ಪು ನಿರ್ಣಯಕ್ಕೂ ಇದು ಎಡೆಮಾಡೀತು.

7. ಸಂಧಿ: ಕಡಿಯಲಾಗದ ಸ್ಥಾನ

ವಿಭಾಜಕದ ತತ್ವಕ್ಕೆ ಕೊನೆಯ ಮಿತಿ ಒದಗುವುದು ಸಂಧಿಯಲ್ಲಿ. ತಲಕಾಡನ್ನು ಚೋಳರಿಂದ ಗೆದ್ದುಕೊಂಡ ಹೊಯ್ಸಳ ವಿಷ್ಣುವರ್ಧನನಿಗೆ 'ತಲಕಾಡುಗೊಂಡ' ಎಂಬ ಬಿರುದು ಬಂದಿತು. ಈ ಬಿರುದಿನಲ್ಲಿರುವುದು 'ತಲಕಾಡು' ಮತ್ತು 'ಕೊಂಡ' ಎಂಬ ಪದಗಳು. ಆದರೆ ಆದೇಶ ಸಂಧಿಯಿಂದ ಕಕಾರಕ್ಕೆ ಗಕಾರ ಬಂದಿರುವುದರಿಂದ 'ಕೊಂಡ' ಎಂಬ ರೂಪ ಬಿರುದಿನೊಳಗೆ ಎಲ್ಲಿಯೂ ಇಲ್ಲ. ಬಿರುದನ್ನು ಎಲ್ಲಿಯೇ ಕಡಿದರೂ 'ಕೊಂಡ' ದೊರೆಯದು. ಸ್ಪ್ಲಿಟ್ ಕ್ರಿಯೆಯು ಇರುವುದನ್ನು ಬೇರ್ಪಡಿಸಬಲ್ಲದು. ಸಂಧಿಯಲ್ಲಿ ಮಾರ್ಪಟ್ಟದ್ದನ್ನು ಮೊದಲಿನಂತೆ ಮಾಡಲಾರದು.

ಲೋಪ, ಆಗಮ, ಆದೇಶಗಳೆಂಬ ಮೂರು ಬಗೆಗಳನ್ನು ಈ ದೃಷ್ಟಿಯಿಂದ ಹೋಲಿಸಿ ನೋಡುವುದು ಉಪಯುಕ್ತ. 'ಊರಲ್ಲಿ' ಎಂಬಲ್ಲಿ ಸ್ವರವೊಂದು ಲೋಪವಾಗಿದೆ. ಕಡಿದ ಮೇಲೆ ಅದನ್ನು ನಾವು ಸೇರಿಸಬೇಕು. 'ಮನೆಯನ್ನು' ಎಂಬಲ್ಲಿ ಯಕಾರ ಹೆಚ್ಚಾಗಿ ಬಂದಿದೆ. ಕಡಿದ ಮೇಲೆ ಅದನ್ನು ತೆಗೆಯಬೇಕು. 'ಮಳೆಗಾಲ' ಎಂಬಲ್ಲಿ ಒಂದು ವರ್ಣದ ಬದಲು ಇನ್ನೊಂದು ಬಂದಿದೆ. ಕಡಿದ ಮೇಲೆ ಅದನ್ನು ಬದಲಿಸಬೇಕು. ಮೂರರಲ್ಲಿಯೂ ಕಡಿತದ ಜೊತೆಗೆ ಇನ್ನೊಂದು ಕ್ರಿಯೆ ಅಗತ್ಯ. ಆ ಕ್ರಿಯೆಗೆ ಬೇಕಾದ ಜ್ಞಾನ ಕೇಶಿರಾಜನ 'ಶಬ್ದಮಣಿದರ್ಪಣ'ದ ಸಂಧಿಪ್ರಕರಣದಲ್ಲಿದೆಯೇ ಹೊರತು ವಿಭಾಜಕ ಚಿಹ್ನೆಯಲ್ಲಿಲ್ಲ.

ಎಷ್ಟೋ ವೇಳೆ ವ್ಯಾಕರಣಜ್ಞಾನವೂ ಸಾಲದು. 'ಅರಸನಾನೆ' ಎಂಬ ಸರಣಿಯನ್ನು 'ಅರಸನ ಆನೆ' ಎಂದೂ ಬಿಡಿಸಬಹುದು. ಎಕಾರ-ಏಕಾರಗಳ ಭೇದವನ್ನು ತೋರದ ಶಾಸನಲಿಪಿಯಲ್ಲಾದರೆ 'ಅರಸ ನಾನೇ' ಎಂದೂ ಬಿಡಿಸಬಹುದು. ಎರಡೂ ವ್ಯಾಕರಣಶುದ್ಧ. ಯಾವುದು ಸರಿಯೆಂಬುದನ್ನು ಸಂದರ್ಭ ಹೇಳಬೇಕು. ಇಂಥ ಸ್ಥಳಗಳಲ್ಲಿ ಯಂತ್ರವು ಸಾಧ್ಯವಿರುವ ಪಾಠಗಳನ್ನು ಮುಂದಿಡಬಹುದು. ಆಯ್ಕೆಯ ಹೊಣೆ ಸಂಪಾದಕನದು.

ಇಲ್ಲಿ ಇನ್ನೊಂದು ಅಂಶವನ್ನೂ ನೆನೆಯಬೇಕು. ಗಂಗರ ಸಂಸ್ಕೃತ ತಾಮ್ರಶಾಸನಗಳಲ್ಲಿ ತಲಕಾಡಿಗೆ 'ತಲವನಪುರ' ಎಂಬ ಹೆಸರಿದೆ. ಚೋಳರ ಆಳ್ವಿಕೆಯಲ್ಲಿ ಅದು 'ರಾಜರಾಜಪುರ'ವಾಯಿತು. ಸರಿಯಾಗಿ ತುಂಡರಿಸಿದ ಮೇಲೂ ಒಂದೇ ಊರು ಪಟ್ಟಿಯಲ್ಲಿ ಮೂರು ಊರುಗಳಾಗಿ ನಿಲ್ಲುತ್ತದೆ. ತುಂಡರಿಸುವುದು ಮೊದಲ ಹೆಜ್ಜೆ ಮಾತ್ರ. ಗುರುತಿಸುವುದು ಬೇರೆಯೇ ಹೆಜ್ಜೆ.

8. ಅನುಸರಿಸಬಹುದಾದ ಕ್ರಮ

ಮೇಲಿನ ಅನುಭವದ ಆಧಾರದ ಮೇಲೆ ಈ ಲೇಖಕನು ಮೂರನೆಯ ಕರಡಿನಲ್ಲಿ ಅನುಸರಿಸಿದ ಕ್ರಮವನ್ನು ಇಲ್ಲಿ ನಿರೂಪಿಸಬಹುದು.

ಒಂದು: ಮೂಲಕಡತವನ್ನು ಎಂದಿಗೂ ತಿದ್ದದೆ ಹಾಗೆಯೇ ಕಾಪಾಡಬೇಕು. ತುಂಡರಿಸುವ ಕೆಲಸವೆಲ್ಲ ಅದರ ಪ್ರತಿಯ ಮೇಲೆ ನಡೆಯಬೇಕು.

ಎರಡು: ಪ್ರತಿಯಲ್ಲಿ ವಿಸರ್ಗ, ಅನುಸ್ವಾರ, ದಂಡ ಮತ್ತು ಕೂಡುಸ್ವರಚಿಹ್ನೆಗಳನ್ನು ಏಕರೂಪಕ್ಕೆ ತರಬೇಕು.

ಮೂರು: ವಿಭಾಜಕವನ್ನು ಆರಿಸುವ ಮೊದಲು ಆ ಚಿಹ್ನೆ ಪಠ್ಯದಲ್ಲಿ ಈಗಾಗಲೇ ಎಷ್ಟು ಬಾರಿ ಬಂದಿದೆ ಎಂದು ಎಣಿಸಬೇಕು. ಉತ್ತರ ಸೊನ್ನೆಯಾಗಿದ್ದರೆ ಮಾತ್ರ ಅದು ಯೋಗ್ಯ ವಿಭಾಜಕ. ಅಲ್ಪವಿರಾಮವನ್ನೇ ಬಳಸಬೇಕಾದ ಸಂದರ್ಭದಲ್ಲಿ ಅಲ್ಪವಿರಾಮವುಳ್ಳ ಅಂಕಣವನ್ನು ಜೋಡಿ ಉದ್ಧರಣಚಿಹ್ನೆಗಳ ನಡುವೆ ಇಡುವ ಪದ್ಧತಿಯಿದೆ. ಆಗ ಸಾಮಾನ್ಯ ಸ್ಪ್ಲಿಟ್ ಕ್ರಿಯೆ ಸಾಲದು. ಉದ್ಧರಣಚಿಹ್ನೆಗಳ ಮರ್ಯಾದೆಯನ್ನು ಅರಿತ, ಆ ಉದ್ದೇಶಕ್ಕಾಗಿಯೇ ರಚಿತವಾದ ಓದುಗ ಸಾಧನವನ್ನು ಬಳಸಬೇಕು. ಪೈಥಾನ್‌ನಲ್ಲಿ ಅಂಥದು ಸಿದ್ಧವಾಗಿ ದೊರೆಯುತ್ತದೆ.

ನಾಲ್ಕು: ತುಂಡರಿಸುವಾಗ ವಿಭಾಜಕವನ್ನು ಸ್ಪಷ್ಟವಾಗಿ ಹೆಸರಿಸಬೇಕು. ಒಂದು ಸಾಲಿನಲ್ಲಿ ಏಳು ವಿಭಾಜಕಗಳಿದ್ದರೆ ಎಂಟು ಭಾಗಗಳು ಬರಬೇಕು. ಪ್ರತಿಯೊಂದು ಸಾಲಿನಲ್ಲಿಯೂ ಭಾಗಗಳ ಸಂಖ್ಯೆಯನ್ನು ಪರೀಕ್ಷಿಸಿ, ಎಂಟಕ್ಕಿಂತ ಹೆಚ್ಚು ಅಥವಾ ಕಡಿಮೆಯಿರುವ ಸಾಲುಗಳನ್ನು ಕಣ್ಣಾರೆ ಓದಬೇಕು. ಅವುಗಳನ್ನು ತಾನಾಗಿಯೇ ಕೈಬಿಡಲು ಯಂತ್ರಕ್ಕೆ ಅವಕಾಶ ಕೊಡಬಾರದು.

ಐದು: ಪ್ರತಿಯೊಂದು ಭಾಗದ ಅಂಚಿನ ಖಾಲಿ ಜಾಗವನ್ನು ತೆಗೆಯಬೇಕು; ಆದರೆ ಬರಿದಾದ ಭಾಗವನ್ನು ತೆಗೆಯಬಾರದು. ಶಾಸನದಲ್ಲಿ ಕಾಲ ನಮೂದಾಗಿಲ್ಲದಿದ್ದರೆ 'ನಮೂದಿಲ್ಲ' ಎಂದೂ, ಕಲ್ಲು ಒಡೆದು ಓದಲಾಗದಿದ್ದರೆ 'ನಷ್ಟ' ಎಂದೂ ಬರೆಯುವುದು ಉತ್ತಮ. ಇವೆರಡೂ ಒಂದೇ ಅಲ್ಲ.

ಆರು: ಶಾಸನಪಾಠದಲ್ಲಿ ಸಾಲಿನ ಕೊನೆ, ಪದದ ಕೊನೆ, ಸಂಧಿಸ್ಥಾನ ಇವುಗಳಿಗೆ ಬೇರೆಬೇರೆ ಚಿಹ್ನೆಗಳನ್ನು ಗೊತ್ತುಪಡಿಸಬ��ಕು. ಓರೆಗೆರೆ ಸಾಲಿನ ಕೊನೆಗೂ, ತೆರಪು ಪದಕ್ಕೂ, ಕೂಡುಚಿಹ್ನೆ ಸಂಧಿಗೂ ಮೀಸಲಾಗಬಹುದು. ಒಂದು ಚಿಹ್ನೆಗೆ ಒಂದೇ ಅರ್ಥವಿರಬೇಕೆಂಬುದು ಮುಖ್ಯ. ಸಂಧಿ ಬಿಡಿಸಿದ ಪಾಠವನ್ನು ಮೂಲಪಾಠದ ಬದಲಿಗೆ ಇಡದೆ ಅದರ ಪಕ್ಕದಲ್ಲಿ ಇಡಬೇಕು.

ಏಳು: ಯಾವ ವಿಭಾಜಕವನ್ನು ಬಳಸಲಾಯಿತು, ಎಷ್ಟು ಸಾಲುಗಳು ಒಳಬಂದವು, ಎಷ್ಟು ಹೊರಬಂದವು ಎಂಬುದನ್ನು ಪ್ರಬಂಧದಲ್ಲಿಯೇ ನಮೂದಿಸಬೇಕು. ಹಸ್ತಪ್ರತಿಗಳ ವಿವರವನ್ನೂ ಪಾಠಾಂತರಗಳನ್ನೂ ಕೊಡುವುದು ಗ್ರಂಥಸಂಪಾದಕನ ಕರ್ತವ್ಯವಾಗಿರುವಂತೆ ಇದು ಗಣಕವನ್ನು ಬಳಸುವ ಸಂಶೋಧಕನ ಕರ್ತವ್ಯ.

9. ಸಮಾರೋಪ

ಒಟ್ಟಿನಲ್ಲಿ ಹೇಳುವುದಾದರೆ, ಪಠ್ಯವನ್ನು ವಿಭಾಜಕದಲ್ಲಿ ತುಂಡರಿಸುವ ಕ್ರಿಯೆ ಸರಳವಾದುದು. ಆದರೆ ಅದರ ಹಿಂದಿನ ನಿರ್ಣಯ ಸರಳವಲ್ಲ. ಮನುಷ್ಯರು ರಚಿಸಿದ ಸೂಚಿಗಳಲ್ಲಿ ವಿಭಾಜಕವನ್ನು ಶಿಸ್ತಿನಿಂದ ಗೊತ್ತುಪಡಿಸಬಹುದು. ಪ್ರಾಚೀನ ಪಠ್ಯಗಳಲ್ಲಿ ವಿಭಾಜಕವೆಂಬುದು ಇಲ್ಲವಾದ್ದರಿಂದ ಅಲ್ಲಿ ಕಡಿತವೆಂದರೆ ವ್ಯಾಖ್ಯಾನವೇ. ಮೊದಲನೆಯದರಲ್ಲಿ ಎಚ್ಚರವೂ ಎರಡನೆಯದರಲ್ಲಿ ವಿದ್ವತ್ತೂ ಅಗತ್ಯ. ಇವೆರಡನ್ನೂ ಒಂದೇ ಎಂದು ಭಾವಿಸಿದಾಗ ತೊಡಕುಗಳು ಹುಟ್ಟುತ್ತವೆ.

ಮೂರನೆಯ ಕರಡಿನಲ್ಲಿ ಬರಿದಾದ ಅಂಕಣಗಳನ್ನು ಉಳಿಸಿಕೊಂಡು ಮತ್ತೆ ಕೋಷ್ಟಕವನ್ನು ಸಿದ್ಧಪಡಿಸಿದಾಗ ಕಾಲ ನಮೂದಾಗದ ಗಂಗರ ಶಾಸನಗಳು ತಮ್ಮ ಸ್ಥಾನಕ್ಕೆ ಮರಳಿದವು. ತಪ್ಪನ್ನು ಕಂಡುಹಿಡಿದದ್ದು ಯಂತ್ರವಲ್ಲ. ತಲಕಾಡಿನ ಚರಿತ್ರೆಯನ್ನು ಬಲ್ಲವರೊಬ್ಬರ ಸಂದೇಹ. ಗಣಕದ ನೆರವಿನಿಂದ ಸಂಶೋಧನೆ ನಡೆಸುವ ಹೊಸ ತಲೆಮಾರಿಗೆ ಪ್ರೋಗ್ರಾಮಿಂಗ್ ಕಲಿಸುವಷ್ಟೇ ಆಸಕ್ತಿಯಿಂದ ಶಾಸನ, ಛಂದಸ್ಸು, ವ್ಯಾಕರಣಗಳನ್ನೂ ಕಲಿಸಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ನಂಜನಗೂಡು ಮತ್ತು ಇತರ ತಾಲ್ಲೂಕುಗಳ ಶಾಸನಗಳಿಗೂ ಇದೇ ಕ್ರಮವನ್ನು ಅನ್ವಯಿಸಿ, ಎಲ್ಲರೂ ಒಪ್ಪುವ ಚಿಹ್ನಾಪದ್ಧತಿಯೊಂದನ್ನು ಕನ್ನಡ ಅಧ್ಯಯನ ವಿಭಾಗಗಳು ಕೂಡಿ ರೂಪಿಸಿದಲ್ಲಿ, ಒಬ್ಬ ಸಂಶೋಧಕ ಸಿದ್ಧಪಡಿಸಿದ ಸೂಚಿ ಇನ್ನೊಬ್ಬನಿಗೂ ನೇರವಾಗಿ ಉಪಯೋಗಕ್ಕೆ ಬಂದೀತು.